ಕೈ ಮುರಿದವರಿಗೆ ಸ್ವೆಟರ್ ಬೇಡ, ಗುಂಡಿಶಾಲು ಹೆಣೆಯಿರಿ

ಶಿರಸಿ, ಸಿದ್ದಾಪುರದ ಕಡೆ ಅಡಿಕೆ ಕೊನೆ ಇಳಿಸುವ ಕಾಲದಲ್ಲಿ, ಕುಮಟಾ, ಕಾರವಾರದ ಕಡೆ ಚಿರೇಕಲ್ಲಿನ ಮೆಟ್ಟಿಲಿಗೆ ಹಾವಸೆ ಹಿಡಿಯುವ ಮಳೆಗಾಲದಲ್ಲಿ, ಯಾರಾದರೂ ಬಿದ್ದು ಕೈಯೋ ಕಾಲೋ ಮುರಿದುಕೊಂಡ ಸುದ್ದಿ ಬಂದೇ ಬರುತ್ತದೆ. ನೋಡಲು ಹೋಗುವವರು ಹಣ್ಣು, ಬಿಸ್ಕೀಟು ಒಯ್ಯುತ್ತಾರೆ. ಹೆಣಿಗೆ ಬಲ್ಲವರಿಗೆ ತಮ್ಮ ಕೈಯಾರೆ ಏನಾದರೂ ಮಾಡಿಕೊಡುವ ಆಸೆ. ಹೆಚ್ಚಿನವರು ಶುರು ಮಾಡುವುದು ಸ್ವೆಟರನ್ನು, ಇಲ್ಲವೇ ಕಾಲುಚೀಲವನ್ನು. ಎರಡೂ ಈ ಹೊತ್ತಿಗೆ ಹೊಂದುವುದಿಲ್ಲ. ಸ್ವೆಟರಿನ ತೋಳಿನಲ್ಲಿ ಪ್ಲಾಸ್ಟರ್ ಹಾಕಿದ ಕೈ ತೂರುವುದಿಲ್ಲ. ತಲೆಯ ಮೇಲಿಂದ ಎಳೆದುಕೊಳ್ಳಲು ಎರಡು ಕೈ ಬೇಕು. ಹೆಣೆದ ಕಾಲುಚೀಲವಂತೂ ಕಾವಿ ನೆಲದ ಮೇಲೆ, ಟೈಲ್ಸ್ ಮೇಲೆ ಜಾರಿ ಇನ್ನೊಂದು ಕಾಲನ್ನೂ ಮುರಿಸೀತು.

ಇಲ್ಲಿ ಹೇಳುವುದು ಮುಖ್ಯವಾಗಿ ಒಂದು ವಸ್ತುವಿನ ಬಗ್ಗೆ: ಕೈ ಸ್ಲಿಂಗಿನಲ್ಲಿ ಇರುವವರು ಯಾರನ್ನೂ ಕರೆಯದೆ, ಒಂದೇ ಕೈಯಲ್ಲಿ ಹೊದ್ದುಕೊಂಡು ಗುಂಡಿ ಹಾಕಿಕೊಳ್ಳಬಹುದಾದ ಶಾಲು. ಕೊನೆಗೆ ಕಾಲಿನ ಪ್ಲಾಸ್ಟರಿಗೆ ಹಾಕುವ ಬೆರಳುಟೊಪ್ಪಿಯ ಲೆಕ್ಕವೂ ಇದೆ. ನಿಟ್ (ಸೀದಾ), ಪರ್ಲ್ (ಉಲ್ಟಾ) ಎರಡೂ ಗೊತ್ತಿದ್ದರೆ ಸಾಕು. ಶಾಲಿಗಾದರೆ ಬರೀ ನಿಟ್ ಸಾಕು.

ಕಡ್ಡಿ ಹಿಡಿಯುವ ಮೊದಲು

ಪೆಟ್ಟಾದವರ ಮನೆಗೆ ಹೋದಾಗ ನಾಲ್ಕು ವಿಷಯ ನೋಡಿಕೊಂಡು ಬನ್ನಿ. ಯಾವ ಕೈ, ಪ್ಲಾಸ್ಟರ್ ಮೊಣಕೈಯ ಮೇಲಕ್ಕೆ ಹೋಗಿದೆಯೋ ಕೆಳಗೇ ನಿಂತಿದೆಯೋ, ಶಸ್ತ್ರಚಿಕಿತ್ಸೆಯ ಹೊಲಿಗೆ ಅಥವಾ ತೆರೆದ ಗಾಯ ಇದೆಯೋ, ಮತ್ತು ಎಷ್ಟು ದಿನ ಪ್ಲಾಸ್ಟರ್ ಇರುತ್ತದೆಂದು ಡಾಕ್ಟರು ಹೇಳಿದ್ದಾರೆ. ಕೊನೆಯದು ಬಹಳ ಮುಖ್ಯ. ಮಣಿಕಟ್ಟಿನ ಸಾಮಾನ್ಯ ಮುರಿತಕ್ಕೆ 6 ವಾರದ ಆಸುಪಾಸು ಪ್ಲಾಸ್ಟರ್ ಇರುತ್ತದೆ. ಈ ಶಾಲಿನಲ್ಲಿ ಒಟ್ಟು 41 ಸಾವಿರ ಚಿಲ್ಲರೆ ಕುಣಿಕೆಗಳು (ಸ್ಟಿಚ್) ಇವೆ. ನಿಮಿಷಕ್ಕೆ 25 ಕುಣಿಕೆ ಹೆಣೆಯುವ ಕೈಗೆ ಅದು 27–28 ಗಂಟೆಯ ಕೆಲಸ. ದಿನಕ್ಕೆ ಒಂದೂವರೆ ಗಂಟೆ ಕೂತರೆ 18–19 ದಿನ. ಸುದ್ದಿ ಸಿಕ್ಕ ವಾರದಲ್ಲೇ ಶುರು ಮಾಡಿದರೆ ಉಪಯೋಗಕ್ಕೆ ಬರುತ್ತದೆ. ತಿಂಗಳು ಬಿಟ್ಟು ಶುರು ಮಾಡುವುದಾದರೆ ಶಾಲು ಬಿಡಿ, ಬೇರೆ ಏನಾದರೂ ಕೊಡಿ.

ಜಿಪ್ಸಂ ಪ್ಲಾಸ್ಟರ್ ಕೆಲವೇ ನಿಮಿಷದಲ್ಲಿ ಗಟ್ಟಿಯಾದರೂ ಒಳಗಿನವರೆಗೆ ಒಣಗಲು ಒಂದರಿಂದ ಮೂರು ದಿನ ಹಿಡಿಯುತ್ತದೆ. ನಮ್ಮ ಮಳೆಗಾಲದ ಥಂಡಿಯಲ್ಲಿ ಮೂರು ದಿನ ಎಂದೇ ಲೆಕ್ಕ. ಅಷ್ಟು ದಿನ ಅದರ ಮೇಲೆ ಶಾಲು, ಕಂಬಳಿ, ದುಪ್ಪಟಿ ಏನೂ ಮುಚ್ಚಬಾರದು. ಫೈಬರ್ ಪ್ಲಾಸ್ಟರ್ ಬೇಗ ಒಣಗುತ್ತದೆ, ಅದಕ್ಕೆ ಈ ತಾಪತ್ರಯ ಇಲ್ಲ. ಹೊರಗಿನಿಂದ ಮೂಳೆಗೆ ಕಂಬಿ ಚುಚ್ಚಿ ಕಟ್ಟಿದ್ದರೆ, ಅಥವಾ ಹೊಲಿಗೆ ಇನ್ನೂ ಬಿಚ್ಚಿಲ್ಲದಿದ್ದರೆ, ಹೆಣಿಗೆಯ ಯಾವ ವಸ್ತುವೂ ಆ ಜಾಗಕ್ಕೆ ತಾಗಬಾರದು. ಉಲನ್ನಿನ ಜುಂಗು ಗಾಯಕ್ಕೆ ಅಂಟಿದರೆ ಸೋಂಕಿಗೆ ದಾರಿ.

ಇನ್ನೊಂದು ಮಾತು, ಹೆಣಿಗೆಯವರ ಮನೆಗೇ ಸಂಬಂಧಪಟ್ಟದ್ದು. ಪ್ಲಾಸ್ಟರಿನೊಳಗೆ ತುರಿಕೆ ಎದ್ದಾಗ ಕೈಗೆ ಮೊದಲು ಸಿಗುವುದು ಉದ್ದದ ಹೆಣಿಗೆ ಕಡ್ಡಿ. ಅದನ್ನು ಒಳಗೆ ತೂರಿಸಿ ಕೆರೆದುಕೊಂಡರೆ ಚರ್ಮ ಗೀರಿ, ಬೆವರಿನಲ್ಲಿ ಕೊಳೆತು, ಪ್ಲಾಸ್ಟರ್ ಕತ್ತರಿಸುವವರೆಗೆ ಹೊರಗಿನವರಿಗೆ ಗೊತ್ತೇ ಆಗುವುದಿಲ್ಲ. ರೋಗಿಯ ಹತ್ತಿರ ಕೂತು ಹೆಣೆಯುವವರು ಎದ್ದು ಹೋಗುವಾಗ ಕಡ್ಡಿಯನ್ನೂ ಒಯ್ಯಲಿ.

ನೂಲು ಯಾವುದು

ಘಟ್ಟದ ಕೆಳಗೂ ಮೇಲೂ ಒಂದೇ ನೂಲು ನಡೆಯುವುದಿಲ್ಲ. ಕಾರವಾರ, ಅಂಕೋಲಾ, ಹೊನ್ನಾವರದಲ್ಲಿ ಚಳಿಗಿಂತ ಬೆವರು ದೊಡ್ಡ ಸಮಸ್ಯೆ. ಅಲ್ಲಿ ಹತ್ತಿ ನೂಲೇ ಸರಿ. ಶಿರಸಿ, ಯಲ್ಲಾಪುರ ಸಮುದ್ರಮಟ್ಟದಿಂದ 500–600 ಮೀಟರ್ ಎತ್ತರದಲ್ಲಿವೆ, ಡಿಸೆಂಬರ್–ಜನವರಿಯ ಬೆಳಗಿನ ಜಾವಕ್ಕೆ ಅಕ್ರಿಲಿಕ್ ಉಲನ್ ಬೇಕೆನಿಸುತ್ತದೆ. ಕುರಿಯ ಉಣ್ಣೆಯದು ಎರಡೂ ಕಡೆ ಬೇಡ. ಮಳೆಗಾಲದಲ್ಲಿ ವಾಸನೆ ಹಿಡಿಯುತ್ತದೆ, ನುಸಿ ತಿನ್ನುತ್ತದೆ, ದಿನವಿಡೀ ಮೈಗೆ ತಾಗಿಕೊಂಡಿದ್ದರೆ ಕೆಲವರಿಗೆ ಚುಚ್ಚುತ್ತದೆ.

ಆದರೆ ಆರ್ದ್ರೆಯಿಂದ ಆಶ್ಲೇಷಾ ಮಳೆಯವರೆಗಿನ ಲೆಕ್ಕವೇ ಬೇರೆ. 300 ಗ್ರಾಂ ಹತ್ತಿಯ ಶಾಲು ಒದ್ದೆಯಾದರೆ ಆ ದಿನಗಳಲ್ಲಿ ಎರಡು ಮೂರು ದಿನಕ್ಕೂ ಒಣಗದೆ ಮುಗ್ಗುಲು ಹಿಡಿಯುತ್ತದೆ. ಅಕ್ರಿಲಿಕ್ ನೀರು ಕುಡಿಯುವುದೇ ಕಡಿಮೆ, ಫ್ಯಾನಿನ ಕೆಳಗೆ ಹಾಸಿದರೆ ರಾತ್ರಿ ಬೆಳಗಾಗುವುದರಲ್ಲಿ ಹೆಚ್ಚು ಕಡಿಮೆ ಒಣಗಿರುತ್ತದೆ. ಹಾಗಾಗಿ ಮಳೆಗಾಲದಲ್ಲಿ ಬಿದ್ದವರಿಗೆ ಹತ್ತಿ ಮತ್ತು ಅಕ್ರಿಲಿಕ್ ಬೆರೆತ ನೂಲು ಕೊಳ್ಳಿ. ಒಂದು ಎಚ್ಚರಿಕೆ: ಅಕ್ರಿಲಿಕ್ ಬೆಂಕಿಗೆ ಕರಗಿ ಮೈಗೆ ಅಂಟಿಕೊಳ್ಳುತ್ತದೆ. ಬಚ್ಚಲ ಒಲೆಯ ಮುಂದೆ ಕೂತು ಮೈ ಕಾಯಿಸಿಕೊಳ್ಳುವ ಅಭ್ಯಾಸ ಇರುವ ಅಜ್ಜ ಅಜ್ಜಿಯರಿಗೆ ಅದನ್ನು ಹೊದ್ದು ಒಲೆಯ ಹತ್ತಿರ ಹೋಗಬಾರದೆಂದು ಬಾಯಿಬಿಟ್ಟು ಹೇಳಿ. ಜೋತಾಡುವ ಗೊಂಡೆ, ಕುಚ್ಚು ಯಾವ ನೂಲಿನದ್ದೂ ಬೇಡ. ಬೆಂಕಿಯ ಭಯ ಒಂದು, ಊರುಗೋಲಿಗೆ ಸಿಕ್ಕಿಕೊಳ್ಳುವ ಭಯ ಇನ್ನೊಂದು.

ಬಣ್ಣ ಚಂದಕ್ಕೆ ಆರಿಸುವುದಲ್ಲ, ಕಲೆಗೆ ಆರಿಸುವುದು. ಗಾಯಕ್ಕೆ ಹಚ್ಚುವ ಅಯೋಡಿನ್ ಕಂದು ಕಲೆ ಬಿಡುತ್ತದೆ, ಪ್ಲಾಸ್ಟರ್ ಬಿಚ್ಚಿದ ಮೇಲೆ ತಿಕ್ಕುವ ತೈಲ ಜಿಡ್ಡಿನ ಕಲೆ, ಎಡಗೈಯಲ್ಲಿ ಊಟ ಮಾಡುವವರ ಸಾರಿನದು ಅರಿಸಿನದ ಕಲೆ. ಬಿಳಿ, ತಿಳಿ ಗುಲಾಬಿ ಬಿಟ್ಟುಬಿಡಿ. ಇಟ್ಟಿಗೆ ಬಣ್ಣ, ಬೂದು, ಎಲೆಹಸಿರು, ಕಾಫಿಬಣ್ಣ ಬಾಳುತ್ತವೆ. ಕಡುಗೆಂಪು, ಕಡುನೀಲಿ ಆರಿಸಿದರೆ ಒಂದು ತುಂಡು ನೂಲನ್ನು ಒದ್ದೆ ಬಿಳಿ ಬಟ್ಟೆಯಲ್ಲಿ ಸುತ್ತಿ ಅರ್ಧ ಗಂಟೆ ಒತ್ತಿಡಿ. ಬಣ್ಣ ಬಿಟ್ಟರೆ ಆ ನೂಲು ಬೇಡ. ಬಿಳಿಯ ಪ್ಲಾಸ್ಟರಿಗೂ ಸ್ಲಿಂಗಿಗೂ ಅದು ಇಳಿಯುತ್ತದೆ.

ಕೊಳ್ಳುವಾಗ ಗ್ರಾಂಗಿಂತ ಮೀಟರ್ ನೋಡಿ. ಈ ಶಾಲಿಗೆ 640–680 ಮೀಟರ್ ಬೇಕು. 8 ಪ್ಲೈ ಹತ್ತಿ ನೂಲು 100 ಗ್ರಾಮಿಗೆ ಸುಮಾರು 200–220 ಮೀಟರ್ ಬರುವುದರಿಂದ 300 ಗ್ರಾಂ ತುದಿಗೆ ತುದಿ ಆಗುತ್ತದೆ. 350 ಗ್ರಾಂ ಕೊಳ್ಳಿ. ಎಲ್ಲ ಉಂಡೆಗಳ ಚೀಟಿಯ ಮೇಲೆ ಲಾಟ್ ನಂಬರ್ ಒಂದೇ ಇರಲಿ. ಬೇರೆ ಲಾಟಿನದು ಅಂಗಡಿಯ ಟ್ಯೂಬ್‌ಲೈಟಿನಲ್ಲಿ ಒಂದೇ ಬಣ್ಣ ಕಾಣುತ್ತದೆ, ಅಂಗಳದ ಬೆಳಕಿಗೆ ಬಂದಾಗ ಪಟ್ಟೆ ಪಟ್ಟೆ. ಊರಿನ ಫ್ಯಾನ್ಸಿ ಅಂಗಡಿಯಲ್ಲಿ ಅಕ್ರಿಲಿಕ್ ಸುಲಭವಾಗಿ ಸಿಗುತ್ತದೆ. ಹತ್ತಿಯದಕ್ಕೆ ಹುಬ್ಬಳ್ಳಿಗೆ ಹೋಗುವವರ ಹತ್ತಿರ ಹೇಳಿ ಕಳಿಸುವುದೋ ಆನ್‌ಲೈನಿನಲ್ಲಿ ತರಿಸುವುದೋ ಮಾಡಬೇಕಾದೀತು. ತರಿಸುವುದಾದರೆ ಅದಕ್ಕೆ ಹಿಡಿಯುವ ದಿನಗಳನ್ನೂ ಮೇಲಿನ 19 ದಿನಕ್ಕೆ ಸೇರಿಸಿ.

ಕಡ್ಡಿ 7 ನಂಬರಿನದು, ಅಂದರೆ 4.5 ಮಿಲಿಮೀಟರ್, ಅಲ್ಯೂಮಿನಿಯಮ್ಮಿನದು, 35 ಸೆಂಟಿಮೀಟರ್ ಉದ್ದದ್ದು. ಸಮುದ್ರದ ಗಾಳಿಗೆ ಕಬ್ಬಿಣದ ಕಡ್ಡಿ ತುಕ್ಕು ಹಿಡಿದು ನೂಲಿಗೆ ಕೆಂಪು ಬಿಡುತ್ತದೆ. ಬಿದಿರಿನ ಕಡ್ಡಿ ಮಳೆಗಾಲದಲ್ಲಿ ಅಂಟಂಟಾಗಿ ಕುಣಿಕೆ ಜಾರುವುದಿಲ್ಲ. ಕೈ ಬೆವರುವವರು ಅಂಗೈಗೆ ಚೂರು ಪೌಡರ್ ಹಚ್ಚಿಕೊಂಡು ಕೂತುಕೊಳ್ಳಿ. ಇವಲ್ಲದೆ ಬೇಕಾದದ್ದು ದಪ್ಪ ಕಣ್ಣಿನ ಮೊಂಡು ಸೂಜಿ, ಒಂದು ಕ್ರೋಶಾ ಕಡ್ಡಿ, ಟೇಪು, 25 ಮಿಲಿಮೀಟರ್ ಅಗಲದ ಮೂರು ಗುಂಡಿ.

ಅಳತೆ

ರೋಗಿಯನ್ನು ಕುರ್ಚಿಯ ಮೇಲೆ ಕೂರಿಸಿ, ಸ್ಲಿಂಗ್ ಹಾಕಿದಂತೆಯೇ ಇಟ್ಟು, ಎರಡೂ ಹೆಗಲ ಕೆಳಗೆ, ಮಡಚಿದ ಕೈಯನ್ನೂ ಒಳಸೇರಿಸಿ ಟೇಪನ್ನು ಸಡಿಲವಾಗಿ ಸುತ್ತಿರಿ. ಬಂದ ಅಳತೆಗೆ 15 ಸೆಂಟಿಮೀಟರ್ ಸೇರಿಸಿದರೆ ಶಾಲಿನ ಉದ್ದ. ಮಧ್ಯಮ ಮೈಕಟ್ಟಿನವರಿಗೆ 118ಕ್ಕೆ 15 ಸೇರಿ 133 ಬರುತ್ತದೆ. ಮುಂದಿನ ಲೆಕ್ಕವೆಲ್ಲ ಇದಕ್ಕೇ. ಕುತ್ತಿಗೆಯಿಂದ ಕೆಳಕ್ಕೆ ಅಗಲ 45 ಸೆಂಟಿಮೀಟರ್. ಇನ್ನೂ ಉದ್ದ ಇಳಿಸಿದರೆ ಕೂತಾಗ ಮಡಿಲಲ್ಲಿ ಗುಡ್ಡೆಯಾಗುತ್ತದೆ, ಬಚ್ಚಲಿಗೆ ಹೋದಾಗ ಒದ್ದೆಯಾಗುತ್ತದೆ.

ಮಾದರಿ ತುಂಡು ಹೆಣೆಯದೆ ಮುಂದೆ ಹೋಗಬೇಡಿ. 24 ಕುಣಿಕೆ ಹಾಕಿ, ಎಲ್ಲ ಸಾಲೂ ನಿಟ್ ಮಾಡುತ್ತ 44 ಸಾಲು ಹೆಣೆದು, ಕುಣಿಕೆಗಳನ್ನು ಮುಚ್ಚಿ (ಬೈಂಡ್ ಆಫ್), ತೊಳೆದು, ಒಣಗಿಸಿ ಆಮೇಲೆ ಅಳೆಯಿರಿ. ತುಂಡಿನ ನಡುವೆ 10 ಸೆಂಟಿಮೀಟರಿಗೆ ಅಡ್ಡ 19 ಕುಣಿಕೆ, ಉದ್ದ 36 ಸಾಲು ಬರಬೇಕು. 21 ಕುಣಿಕೆ ಬಂದರೆ ನಿಮ್ಮ ಕೈ ಬಿಗಿ, ಶಾಲು 45ರ ಬದಲು 41 ಸೆಂಟಿಮೀಟರಿಗೆ ನಿಲ್ಲುತ್ತದೆ. 6 ನಂಬರಿನ (5 ಮಿಲಿಮೀಟರ್) ಕಡ್ಡಿಗೆ ಹೋಗಿ. 17 ಬಂದರೆ 8 ನಂಬರಿಗೆ (4 ಮಿಲಿಮೀಟರ್) ಇಳಿಯಿರಿ. ಈ ನಂಬರು ಹೆಚ್ಚಾದಷ್ಟೂ ಕಡ್ಡಿ ಸಪೂರ ಎಂಬುದು ಹೊಸಬರಿಗೆ ತಿರುಗಮುರುಗ ಅನಿಸುತ್ತದೆ, ಅಂಗಡಿಯಲ್ಲಿ ಮಿಲಿಮೀಟರ್ ಕೇಳಿದರೆ ಗೊಂದಲ ಇಲ್ಲ.

ಹೆಣಿಗೆ

ಉದ್ದಬಾಲದ (ಲಾಂಗ್ ಟೇಲ್) ವಿಧಾನದಲ್ಲಿ 86 ಕುಣಿಕೆ ಹಾಕಿ. ಬಾಲಕ್ಕೆ ಒಂದೂವರೆ ಮೀಟರ್ ನೂಲು ಬಿಟ್ಟುಕೊಳ್ಳಿ. ಕಡಿಮೆ ಬಿಟ್ಟರೆ 70ನೆಯ ಕುಣಿಕೆಗೆ ನೂಲು ಮುಗಿದು ಮತ್ತೆ ಮೊದಲಿನಿಂದ ಹಾಕಬೇಕಾಗುತ್ತದೆ. ಎರಡು ಕಡ್ಡಿ ಜೋಡಿಸಿ ಹಿಡಿದು ಅವುಗಳ ಮೇಲೆ ಕುಣಿಕೆ ಹಾಕಿ ಆಮೇಲೆ ಒಂದನ್ನು ಎಳೆದುಬಿಡುವುದು ಬಿಗಿ ಕೈಯವರಿಗೆ ಒಳ್ಳೆಯದು. ಶುರುವಿನ ಅಂಚು ಬಿಗಿಯಾದರೆ ಶಾಲಿನ ಆ ತುದಿ ಸುರುಟಿಕೊಂಡೇ ಇರುತ್ತದೆ.

ಪ್ರತಿ ಸಾಲಿನ ಮೊದಲ ಕುಣಿಕೆಯನ್ನು ಹೆಣೆಯದೆ, ನೂಲನ್ನು ಮುಂದೆ ಇಟ್ಟುಕೊಂಡು ಪರ್ಲ್ ಮಾಡುವಂತೆ ಬಲಗಡ್ಡಿಗೆ ಜಾರಿಸಿ. ನೂಲನ್ನು ಎರಡು ಕಡ್ಡಿಗಳ ನಡುವಿನಿಂದ ಹಿಂದಕ್ಕೆ ತಂದು ಉಳಿದ 85 ಕುಣಿಕೆಯನ್ನೂ ನಿಟ್ ಮಾಡಿ. ಎಲ್ಲ ಸಾಲೂ ಹೀಗೇ. ಅಂಚು ಜಡೆ ಹಾಕಿದ ಹಾಗೆ ನೇರ ಬರುತ್ತದೆ, ಬೇರೆ ಅಂಚುಪಟ್ಟಿ ಬೇಕಾಗುವುದಿಲ್ಲ. ಎರಡು ಸಾಲಿಗೊಂದು ದಿಣ್ಣೆ ಏಳುತ್ತದೆ. ಎಣಿಸುವುದು ದಿಣ್ಣೆಯ ಲೆಕ್ಕದಲ್ಲಿ ಸುಲಭ. 20 ದಿಣ್ಣೆಗೊಂದು ಬೇರೆ ಬಣ್ಣದ ದಾರದ ತುಂಡು ಕಟ್ಟಿಕೊಂಡು ಹೋಗಿ.

ಬರೀ ನಿಟ್ ಸಾಲುಗಳ ಈ ಹೆಣಿಗೆಯನ್ನು ಆರಿಸಿದ್ದಕ್ಕೆ ಮೂರು ಕಾರಣ ಇದೆ. ಅಂಚು ಸುರುಟುವುದಿಲ್ಲ. ಎರಡೂ ಮುಖ ಒಂದೇ ಆದ್ದರಿಂದ ಗುಂಡಿ ಯಾವ ಕಡೆ ಎಂಬ ತೀರ್ಮಾನವನ್ನು ಕೊನೆಯವರೆಗೆ ಮುಂದೂಡಬಹುದು. ಮೂರನೆಯದು ಹತ್ತಿಗೆ ಸಂಬಂಧಿಸಿದ್ದು: ಈ ಹೆಣಿಗೆ ಸಾಲು ಪೇರುವ ದಿಕ್ಕಿಗೆ ಹೆಚ್ಚು ಜಗ್ಗುತ್ತದೆ. ನಾವು ಹೆಣೆಯುತ್ತಿರುವುದು ಶಾಲಿನ ಒಂದು ತುದಿಯಿಂದ ಇನ್ನೊಂದು ತುದಿಗೆ. ಹೊದ್ದಾಗ ಸಾಲುಗಳು ಮೈ ಮೇಲೆ ನಿಂತಿರುತ್ತವೆ, ಪೇರಿದ ದಿಕ್ಕು ಮೈ ಸುತ್ತ ಅಡ್ಡ ಹೋಗುತ್ತದೆ. ಭಾರ ಕೆಳಕ್ಕೆ ಎಳೆದರೂ ಶಾಲು ಉದ್ದುದ್ದ ಜೋತು ಬೀಳುವುದಿಲ್ಲ. ಕೆಳಗಿನಂಚಿನಿಂದ ಮೇಲಕ್ಕೆ ಹೆಣೆದಿದ್ದರೆ ಎರಡು ಒಗೆತಕ್ಕೆ ಮೊಣಕಾಲು ಮುಟ್ಟುತ್ತಿತ್ತು.

ಹೊಸಬರಿಗೆ ಆಗುವ ತೊಂದರೆ ಹೆಚ್ಚಾಗಿ ಒಂದೇ: 86 ಇದ್ದದ್ದು 90, 93 ಆಗುತ್ತ ಶಾಲು ಅಗಲವಾಗುತ್ತ ಹೋಗುವುದು. ಸಾಲಿನ ಆರಂಭದಲ್ಲಿ ನೂಲನ್ನು ಕಡ್ಡಿಗಳ ನಡುವಿನಿಂದ ತರದೆ ಕಡ್ಡಿಯ ಮೇಲಿಂದ ಹಿಂದಕ್ಕೆ ಎಳೆದರೆ ಒಂದು ಕುಣಿಕೆ ಎರಡರಂತೆ ಕಾಣುತ್ತದೆ, ಎರಡನ್ನೂ ಹೆಣೆದುಬಿಡುತ್ತೀರಿ. ಹತ್ತು ದಿಣ್ಣೆಗೊಮ್ಮೆ ಕುಣಿಕೆ ಎಣಿಸಿ. ಕಮ್ಮಿಯಾಗಿದ್ದರೆ ಎಲ್ಲೋ ಒಂದು ಬಿದ್ದಿದೆ. ಬಿದ್ದ ಕುಣಿಕೆಗೆ ಮೊದಲು ಪಿನ್ನು ಚುಚ್ಚಿ ಅಲ್ಲೇ ನಿಲ್ಲಿಸಿ, ಆಮೇಲೆ ಕ್ರೋಶಾ ಕಡ್ಡಿಯಿಂದ ಒಂದು ಸಾಲು ಮುಂದಿನಿಂದ, ಒಂದು ಸಾಲು ಹಿಂದಿನಿಂದ ಎಂದು ಸರದಿಯಲ್ಲಿ ಎತ್ತಿಕೊಂಡು ಬನ್ನಿ. ಒಂದೇ ಕಡೆಯಿಂದ ಎತ್ತಿದರೆ ದಿಣ್ಣೆಗಳ ನಡುವೆ ನುಣುಪಾದ ಏಣಿ ಕಾಣುತ್ತದೆ.

ಹೊಸ ಉಂಡೆಯನ್ನು ಅಂಚಿನಲ್ಲೇ ಸೇರಿಸಿ, ನಡುವೆ ಬೇಡ. ಗಂಟು ಮಾತ್ರ ಎಲ್ಲೂ ಹಾಕಬೇಡಿ. ಆರೋಗ್ಯವಾಗಿದ್ದಾಗ ಬೆನ್ನಡಿಯ ಗಂಟು ಚುಚ್ಚಿದರೆ ನಾವು ಮಗ್ಗುಲಾಗುತ್ತೇವೆ. ಮಗ್ಗುಲಾಗಲು ಬಾರದವರಿಗೆ ಅದೇ ಗಂಟು ಚರ್ಮವನ್ನು ಒತ್ತಿ ಕೆಂಪಾಗಿಸಿ ಹುಣ್ಣಿಗೆ ಮೊದಲಾದೀತು. ನೂಲಿನ ತುದಿಗಳನ್ನು 15 ಸೆಂಟಿಮೀಟರ್ ಬಿಟ್ಟು, ಮೊಂಡು ಸೂಜಿಯಲ್ಲಿ ದಿಣ್ಣೆಯೊಳಗೆ ಒಂದು ದಿಕ್ಕಿಗೆ ನೇಯ್ದು, ತಿರುಗಿಸಿ ಇನ್ನೊಂದು ದಿಕ್ಕಿಗೂ ನೇಯಿರಿ. ಹತ್ತಿ ನುಣುಪು, ಒಂದೇ ದಿಕ್ಕಿಗೆ ನೇಯ್ದರೆ ಬಿಚ್ಚಿ ಬರುತ್ತದೆ.

ಕಾಜ

ಹೀಗೆ 470 ಸಾಲು, ಅಂದರೆ 235 ದಿಣ್ಣೆ, ಹೆಣೆಯಿರಿ. 471ನೆಯ ಸಾಲು ಕಾಜದ ಸಾಲು: 20 ಹೆಣೆಯಿರಿ, 5 ಮುಚ್ಚಿ, 15 ಹೆಣೆಯಿರಿ, 5 ಮುಚ್ಚಿ, 15 ಹೆಣೆಯಿರಿ, 5 ಮುಚ್ಚಿ, 21 ಹೆಣೆಯಿರಿ. ಮುಚ್ಚಿ ಮುಗಿದಾಗ ಬಲಗಡ್ಡಿಯ ಮೇಲೆ ಒಂದು ಕುಣಿಕೆ ಉಳಿದಿರುತ್ತದೆ. ಅದು ಮುಂದಿನ 15ರ ಲೆಕ್ಕದ ಮೊದಲನೆಯದು. ಅದನ್ನು ಬಿಟ್ಟು ಎಣಿಸಿದರೆ ಕೊನೆಯಲ್ಲಿ 21ರ ಬದಲು 19 ಸಿಗುತ್ತದೆ, ಕಾಜಗಳು ಕೆಳಗಿನಂಚಿನ ಕಡೆಗೆ ಸರಿಯುತ್ತವೆ. 472ನೆಯ ಸಾಲಿನಲ್ಲಿ ಪ್ರತಿ ಖಾಲಿ ಜಾಗದ ಮೇಲೆ 5 ಹೊಸ ಕುಣಿಕೆ ಹಾಕಿಕೊಂಡು ಹೋದರೆ ಮತ್ತೆ 86. ಮೇಲೆ 8 ಸಾಲು ಹೆಣೆದು, ಒಟ್ಟು 480 ಆದಾಗ ಸಡಿಲವಾಗಿ ಮುಚ್ಚಿ.

20 ಕುಣಿಕೆ ಇರುವ ಬದಿ ಶಾಲಿನ ಮೇಲಿನಂಚು. ಆ ಹತ್ತು ಸೆಂಟಿಮೀಟರ್ ಕುತ್ತಿಗೆಯ ಸುತ್ತ ಮಡಚಿ ಕಾಲರಿನ ಹಾಗೆ ಕೂರುತ್ತದೆ, ಸ್ಲಿಂಗಿನ ಪಟ್ಟಿ ಕುತ್ತಿಗೆಗೆ ಉಜ್ಜುವುದನ್ನೂ ಸ್ವಲ್ಪ ತಡೆಯುತ್ತದೆ.

25 ಮಿಲಿಮೀಟರ್ ಗುಂಡಿಗೆ ಸಾಧಾರಣವಾಗಿ 4 ಕುಣಿಕೆಯ ಕಾಜ ಸಾಕು. ಇಲ್ಲಿ 5 ಇಟ್ಟಿರುವುದು ಒಂದೇ ಕೈಯ ಬಳಕೆಗೆ. ದೊಡ್ಡ ಕಾಜ ದಿನ ಹೋದಂತೆ ಸಡಿಲವಾಗುತ್ತದೆ, ಅದಕ್ಕೆ ಅದೇ ಬಣ್ಣದ ಹೊಲಿಗೆ ದಾರದಲ್ಲಿ ಕಾಜದ ಸುತ್ತ ಒತ್ತೊತ್ತಾಗಿ ಕಾಜದ ಹೊಲಿಗೆ ಹಾಕಿ. ಬಾಯಿ ಗಟ್ಟಿಯಾಗಿದ್ದಷ್ಟೂ ಒಂದು ಕೈಗೆ ಸುಲಭ. ಮೆತ್ತಗಿನ ಕಾಜವನ್ನು ಹಿಡಿದುಕೊಳ್ಳಲು ಇನ್ನೊಂದು ಕೈ ಬೇಕಾಗುತ್ತದೆ.

ಗುಂಡಿ ಯಾವ ಕಡೆ

ಬಲಗೈ ಮುರಿದಿದ್ದರೆ ಕೆಲಸ ಮಾಡುವುದು ಎಡಗೈ. ಕಾಜ ಇರುವ ತುದಿ ಬಲಗಡೆಯಿಂದ, ಅಂದರೆ ಪೆಟ್ಟಾದ ಕಡೆಯಿಂದ ಎದೆಯ ಮೇಲೆ ಬಂದು ಮೇಲ್ಗಡೆ ಕೂರಬೇಕು. ಎಡಗೈ ಆ ತುದಿಯನ್ನು ತನ್ನ ಕಡೆ ಎಳೆದುಕೊಂಡು, ಹೆಬ್ಬೆರಳನ್ನು ಕಾಜದ ಅಡಿಗೆ ಹಾಕಿ ಗುಂಡಿಯನ್ನು ಮೇಲಕ್ಕೆ ತಳ್ಳುತ್ತದೆ. ಎಡಗೈ ಮುರಿದಿದ್ದರೆ ಇದರ ತಿರುಗು. ಶಾಲನ್ನು ಹಿಂದುಮುಂದು ಮಾಡಿದರೆ ಆಯಿತು, ಮೇಲಿನಂಚು ಮೇಲೆಯೇ ಉಳಿಯುತ್ತದೆ. ನೀವೇ ಒಂದು ಕೈಯನ್ನು ಸೆರಗಿನಲ್ಲಿ ಕಟ್ಟಿಕೊಂಡು ಹಾಕಿ ನೋಡಿ, ಗುಂಡಿಯ ಜಾಗಕ್ಕೆ ಪಿನ್ನು ಚುಚ್ಚಿ, ಆಮೇಲೆ ಹೊಲಿಯಿರಿ. ಜಾಗ ಎದೆಯ ನಡುವೆ ಇರಲಿ, ಸ್ಲಿಂಗಿನಲ್ಲಿರುವ ಕೈಯ ಮೇಲೆ ಬೇಡ.

ಗುಂಡಿಗೆ ತೆಂಗಿನ ಕರಟದ್ದು ಒಳ್ಳೆಯದು: ಹಗುರ, ಬೆರಳಿಗೆ ಜಾರುವುದಿಲ್ಲ, ಉಪ್ಪುಗಾಳಿಗೆ ತುಕ್ಕು ಹಿಡಿಯುವುದಿಲ್ಲ. ಹೊಲಿಯುವಾಗ ಗುಂಡಿಗೂ ಶಾಲಿಗೂ ನಡುವೆ ಎರಡು ಬೆಂಕಿಕಡ್ಡಿ ಇಟ್ಟು, ಹೊಲಿದ ಮೇಲೆ ಕಡ್ಡಿ ಎಳೆದು, ಉಳಿದ ಸಡಿಲಕ್ಕೆ ದಾರ ಸುತ್ತಿ ಕಾಂಡ ಮಾಡಿ. ಗುಂಡಿ ಮೇಲೆದ್ದು ನಿಂತರೆ ಮಾತ್ರ ದಪ್ಪ ಹೆಣಿಗೆಯ ಕಾಜದಲ್ಲಿ ಕೂರುತ್ತದೆ. ಹಿಂಭಾಗದಲ್ಲಿ ಚಿಕ್ಕ ಬಟ್ಟೆತುಂಡು ಇಟ್ಟು ಹೊಲಿಯದಿದ್ದರೆ ಗುಂಡಿಯ ಎಳೆತಕ್ಕೆ ನೂಲು ಹರಿಯುತ್ತದೆ. ಅಂಟುಪಟ್ಟಿ (ವೆಲ್ಕ್ರೋ) ಸುಲಭ ಎನಿಸುತ್ತದೆ, ಆದರೆ ನೂಲನ್ನು ಕಚ್ಚಿ ಕಚ್ಚಿ ಜುಂಗೆಬ್ಬಿಸುತ್ತದೆ. ಅಯಸ್ಕಾಂತದ ಗುಂಡಿ ಮನೆಯಲ್ಲಿ ಪೇಸ್‌ಮೇಕರ್ ಹಾಕಿಸಿಕೊಂಡವರಿದ್ದರೆ ಬೇಡವೇ ಬೇಡ, ಅದೂ ಎದೆಯ ಮೇಲೆ.

ಕೊಡುವ ಮೊದಲು ಒಗೆಯಿರಿ

ಬಕೆಟ್ಟಿನಲ್ಲಿ ಉಗುರುಬೆಚ್ಚಗಿನ ನೀರಿಗೆ ಚೂರು ಸೌಮ್ಯವಾದ ಸೋಪು ಕದಡಿ ಹತ್ತು ನಿಮಿಷ ನೆನೆಸಿ, ಹಿಂಡದೆ ಒತ್ತಿ ತೆಗೆಯಿರಿ. ದಪ್ಪ ಟವೆಲ್ಲಿನಲ್ಲಿ ಸುತ್ತಿ ಕಾಲಲ್ಲಿ ತುಳಿದರೆ ಅರ್ಧ ನೀರು ಹೋಗುತ್ತದೆ. ಚಾಪೆಯ ಮೇಲೆ ಅಳತೆಗೆ ಎಳೆದು ಹಾಸಿ ಒಣಗಿಸಿ. ತಂತಿಗೆ ಹಾಕಿದರೆ ಒದ್ದೆ ಹತ್ತಿಯ ಭಾರಕ್ಕೆ ತಂತಿಯ ಗುರುತಿನಲ್ಲಿ ಮಡಿಕೆ ಬಿದ್ದು ಅಂಚು ಜಗ್ಗುತ್ತದೆ. ಬಚ್ಚಲ ಒಲೆಯ ಮೇಲಿನ ಬಿದಿರುಗಳಕ್ಕೆ ಹೊಗೆಯ ವಾಸನೆ. ಹಾಸಿಗೆ ಹಿಡಿದವರಿಗೆ ಅದು ಕಿರಿಕಿರಿ. ಅಕ್ರಿಲಿಕ್ಕಿಗೆ ಇಸ್ತ್ರಿ ತಾಗಿಸಬೇಡಿ, ಒಮ್ಮೆ ಬಿಸಿಗೆ ಚಪ್ಪಟೆಯಾದದ್ದು ಮತ್ತೆ ಏಳುವುದಿಲ್ಲ. ಕಟ್ಟಿಡುವಾಗ ನುಸಿಗುಳಿಗೆಯ ಬದಲು ಲಾವಂಚದ ಬೇರು ಇಡಿ.

ಒಗೆಯುವ ಕ್ರಮವನ್ನು ಆ ಮನೆಯಲ್ಲಿ ಆರೈಕೆ ಮಾಡುತ್ತಿರುವ ಅತ್ತಿಗೆಗೋ ಆಯಿಗೋ ಹೇಳಿಬನ್ನಿ. ಒಗೆಯಬೇಕಾದವರು ಅವರೇ. ತಪಾಸಣೆಗೆ ಹುಬ್ಬಳ್ಳಿಗೋ ಮಣಿಪಾಲಕ್ಕೋ ಹೋಗುವ ದಿನ ಶಾಲು ಹೊದೆಸಲು ಹೇಳಿ. ಅರಬೈಲು ಘಟ್ಟ, ದೇವಿಮನೆ ಘಟ್ಟ ಹತ್ತುವಾಗಿನ ಗಾಳಿಗೂ ಆಸ್ಪತ್ರೆಯ ಏಸಿಗೂ ತೋಳಿಲ್ಲದ ಹೊದಿಕೆ ಬೇಕಾಗುತ್ತದೆ. ಮಲಗುವಾಗ ಮಾತ್ರ ಗುಂಡಿ ಬಿಚ್ಚಿ ತೆಗೆದಿಡಬೇಕು.

ಶಾಲು ಹೊದ್ದಿದ್ದರೂ ಬೆರಳತುದಿಗಳು ಆಗಾಗ ಕಣ್ಣಿಗೆ ಬೀಳಬೇಕು. ಬೆರಳು ನೀಲಿಗಟ್ಟುವುದು, ಬಿಳಿಚುವುದು, ತಣ್ಣಗಾಗುವುದು, ಜೋಮು ಹಿಡಿಯುವುದು, ಕೈ ಎತ್ತಿಟ್ಟರೂ ಇಳಿಯದ ಬಾವು, ಗುಳಿಗೆಗೂ ಬಗ್ಗದ ನೋವು, ಇವುಗಳಲ್ಲಿ ಒಂದು ಕಂಡರೂ ಬೆಳಗಾಗಲಿ ಎಂದು ಕಾಯದೆ ಆಸ್ಪತ್ರೆಗೆ ಹೋಗಬೇಕು. ತಣ್ಣಗಿರುವ ಬೆರಳಿಗೆ ಇನ್ನೊಂದು ಪದರ ಹೊದೆಸುವುದು ಅದಕ್ಕೆ ಪರಿಹಾರ ಅಲ್ಲ.

ಕಾಲಿನ ಪ್ಲಾಸ್ಟರಿಗೆ ಬೆರಳುಟೊಪ್ಪಿ

ಕಾಲಿನ ಪ್ಲಾಸ್ಟರಿನಿಂದ ಹೊರಗಿಣುಕುವ ಬೆರಳುಗಳಿಗೆ ಶಿರಸಿಯ ಚಳಿ, ಕರಾವಳಿಯ ಸೊಳ್ಳೆ ಎರಡೂ ಕಾಟ. ಇದು ಎರಡು ಸಂಜೆಯ ಕೆಲಸ, 40 ಗ್ರಾಂ ನೂಲು. 8 ನಂಬರಿನ (4 ಮಿಲಿಮೀಟರ್) ಕಡ್ಡಿಯಲ್ಲಿ, ಒಂದು ಸಾಲು ನಿಟ್ ಒಂದು ಸಾಲು ಪರ್ಲ್ ಮಾಡಿದರೆ 10 ಸೆಂಟಿಮೀಟರಿಗೆ 21 ಕುಣಿಕೆ, 28 ಸಾಲು ಬರಬೇಕು.

ಪ್ಲಾಸ್ಟರಿನ ಮುಂದಂಚಿನ ಸುತ್ತಳತೆ 34 ಸೆಂಟಿಮೀಟರ್ ಎಂದಿಟ್ಟುಕೊಂಡರೆ 68 ಕುಣಿಕೆ ಹಾಕಿ. ಎರಡು ನಿಟ್, ಎರಡು ಪರ್ಲ್ ಎಂದು 8 ಸೆಂಟಿಮೀಟರ್ ಪಟ್ಟಿ ಹೆಣೆಯಿರಿ. ಈ ಪಟ್ಟಿ ಕೂರುವುದು ಗಟ್ಟಿ ಪ್ಲಾಸ್ಟರಿನ ಮೇಲೆ, ಚರ್ಮದ ಮೇಲಲ್ಲ. ಆದ್ದರಿಂದಲೇ ಅದು ಹಿಡಿದುಕೊಂಡರೂ ತೊಂದರೆ ಇಲ್ಲ. ಆಮೇಲೆ ಒಂದು ಸಾಲು ನಿಟ್, ಒಂದು ಸಾಲು ಪರ್ಲ್ ಎಂದು 4 ಸೆಂಟಿಮೀಟರ್. ಈಗ ಇಳಿಸುವುದು: 15 ನಿಟ್, ಎರಡನ್ನು ಜೋಡಿಸಿ ಒಂದು, ಇದನ್ನು ನಾಲ್ಕು ಸಲ ಮಾಡಿದರೆ 64. ಒಂದು ಪರ್ಲ್ ಸಾಲು. ಮುಂದೆ 6 ನಿಟ್, ಎರಡು ಜೋಡಿಸಿ ಒಂದು, ಹೀಗೆ ಎಂಟು ಸಲ, 56. ಒಂದು ಪರ್ಲ್ ಸಾಲು ಬಿಟ್ಟು 5 ನಿಟ್ ಮತ್ತು ಜೋಡಿ, 48. ಹೀಗೇ ನಡುವಿನ ನಿಟ್ ಒಂದೊಂದೇ ಕಡಿಮೆ ಮಾಡುತ್ತ 40, 32, 24, 16, ಕೊನೆಗೆ 8. ನೂಲನ್ನು 40 ಸೆಂಟಿಮೀಟರ್ ಬಿಟ್ಟು ಕತ್ತರಿಸಿ ಎಂಟೂ ಕುಣಿಕೆಯೊಳಗೆ ಎಳೆದು ಬಿಗಿಯಿರಿ, ಅದೇ ನೂಲಿನಲ್ಲಿ ಬದಿ ಹೊಲಿಯಿರಿ. ಹೊಲಿಗೆ ಪಾದದ ಹೊರಬದಿಗೆ ಬರಲಿ, ಬೆರಳಡಿಗೆ ಬೇಡ.

ಟೊಪ್ಪಿಯ ತುದಿಗೂ ಹೆಬ್ಬೆರಳಿಗೂ ನಡುವೆ ಎರಡು ಬೆರಳಿನಷ್ಟು ಜಾಗ ಉಳಿಯಬೇಕು. ಬೆರಳು ಉದ್ದವಿದ್ದರೆ 4 ಸೆಂಟಿಮೀಟರನ್ನು 6 ಮಾಡಿ. ಪದೇ ಪದೇ ಜಾರುತ್ತಿದ್ದರೆ ಪಟ್ಟಿಯ ಎರಡು ಬದಿಗೆ 50 ಸೆಂಟಿಮೀಟರಿನ ಹೆಣೆದ ದಾರ ಹೊಲಿದು ಹಿಮ್ಮಡಿಯ ಹಿಂದೆ ಪ್ಲಾಸ್ಟರಿನ ಮೇಲೆ ಸಡಿಲವಾಗಿ ಕಟ್ಟಿಸಿ. ಪಟ್ಟಿಯನ್ನು ಬಿಗಿ ಮಾಡಲು ಹೋಗಬೇಡಿ, ಇಲಾಸ್ಟಿಕ್ ಹಾಕಲೇಬೇಡಿ. ಇದು ಹಾಸಿಗೆಗೂ ಕುರ್ಚಿಗೂ ಮಾತ್ರ. ಊರುಗೋಲಿನಲ್ಲಿ ಏಳುವ ಮೊದಲು ತೆಗೆಯಬೇಕು, ಒದ್ದೆಯಾದರೆ ಕೂಡಲೇ ಬದಲಿಸಬೇಕು. ಆದ್ದರಿಂದ ಒಂದಲ್ಲ, ಎರಡು ಹೆಣೆಯಿರಿ.

ಇದೇ ನೂಲು ಉಳಿದರೆ ವಾಕರಿಗೆ ತೂಗುಹಾಕುವ ಚೀಲ ಮಾಡಬಹುದು: 40 ಕುಣಿಕೆ, ಬರೀ ನಿಟ್, 40 ಸೆಂಟಿಮೀಟರ್ ಉದ್ದ, ನಡುವೆ ಮಡಚಿ ಬದಿ ಹೊಲಿದರೆ ಸುಮಾರು 20 ಸೆಂಟಿಮೀಟರ್ ಚೌಕದ ಚೀಲ. ಒಳಗೆ ಹತ್ತಿ ಬಟ್ಟೆಯ ಅಸ್ತರಿ ಇಲ್ಲದಿದ್ದರೆ ಮೊಬೈಲಿನ ಭಾರಕ್ಕೇ ಜಗ್ಗಿ ವಾಕರಿನ ಕಾಲಿಗೆ ತೊಡರುತ್ತದೆ. ಮೊಬೈಲು, ಗುಳಿಗೆ ಡಬ್ಬಿ, ಕರೆಂಟು ಹೋಗುವ ದಿನಗಳಿಗೆ ಒಂದು ಸಣ್ಣ ಟಾರ್ಚು, ಇಷ್ಟೇ ಅದರಲ್ಲಿರಲಿ. ನೀರಿನ ಬಾಟಲಿ ಹಾಕಿದರೆ ವಾಕರ್ ಮುಂದಕ್ಕೆ ವಾಲುತ್ತದೆ. ಚೀಲದ ಹಿಡಿಕೆಯನ್ನು ಕೈ ಊರುವ ಜಾಗಕ್ಕೆ ಸುತ್ತದೆ ಅಡ್ಡಕಂಬಿಗೆ ಕಟ್ಟಿ. ಊರುವ ಜಾಗದಲ್ಲಿ ನೂಲು ಇದ್ದರೆ ಹಿಡಿತ ತಿರುಗುತ್ತದೆ.